ಒಂಟಿ ಕಾಲುಚೀಲ

ಇಷ್ಟಕ್ಕೆಲ್ಲ ಕಾರಣ ಅಂಗೈಯಲ್ಲಿ ಅಡಗುವಂಥ ಒಂದು ಪ್ಲಾಸ್ಟಿಕ್ ಬಾಟಲಿ.

ನ್ಯೂಫೌಂಡ್‌ಲ್ಯಾಂಡಿನ ಆ ಮೀನುಗಾರರ ಊರಿನಲ್ಲಿ ಆಂಬ್ರೋಸನಿಗೆ ಇದ್ದದ್ದು ಎರಡು ಕೋಣೆಯ ಮನೆ, ನಾಲ್ಕು ಮಕ್ಕಳು. ಒಲೆಯ ಮೇಲಿನ ಗೋಡೆಯಲ್ಲಿ ನಾಲ್ಕು ಮೊಳೆ, ನಾಲ್ಕು ಜೊತೆ ಪುಟ್ಟ ಕೆಂಪು ಕಾಲುಚೀಲ. ಎಲ್ಲವೂ ಸೂಲಗಿತ್ತಿ ಸೆಲೀನಜ್ಜಿ ಹೆಣೆದದ್ದು. ಐದನೆಯ ಮೊಳೆಗೆ ಗೋಡೆಯಲ್ಲಿ ಜಾಗವಿರಲಿಲ್ಲ.

ಅದಕ್ಕೇ ಮೂರು ತಿಂಗಳ ಹಿಂದೆ ಅವನು ಆಪರೇಷನ್ ಮಾಡಿಸಿಕೊಂಡಿದ್ದ. "ನಾಳ ಕತ್ತರಿಸಿದ್ದೀನಿ," ಎಂದಿದ್ದರು ಡಾಕ್ಟರು. "ವೀರ್ಯಾಣು ಹುಟ್ತಾನೇ ಇರುತ್ತೆ, ಹೊರಗೆ ಬರೋಕೆ ದಾರಿ ಇರಲ್ಲ. ಆದ್ರೆ ಆಗಲೇ ಆಚೆ ದಾಟಿ ಕೂತಿರೋವು ಖಾಲಿಯಾಗೋಕೆ ಮೂರು ತಿಂಗಳು ಬೇಕು. ಅಲ್ಲೀವರೆಗೆ ಹುಷಾರು. ಆಮೇಲೆ ಪರೀಕ್ಷೆಗೆ ಈ ಬಾಟಲಿಯಲ್ಲಿ ಸ್ಯಾಂಪಲ್ ತಗೊಂಡು ಬಾ. ಒಂದು ಗಂಟೆಯೊಳಗೆ, ಮೈಶಾಖ ಆರದ ಹಾಗೆ."

ಆ ದಿನ ಬಂದಿತ್ತು. ಹೆಂಡತಿ ಡ್ರೂಸಿ ಕೆಲಸಕ್ಕೆ, ಮಕ್ಕಳು ಶಾಲೆಗೆ. ಹೊರಗೆ ಕಡಲ ಮಂಜು ಒದ್ದೆ ಕಂಬಳಿಯಂತೆ ಕಿಟಕಿಗೆ ಅಂಟಿತ್ತು. ಆಂಬ್ರೋಸ್ ಬಚ್ಚಲು ಸೇರಿದ.

ಆ ಊರಿನಲ್ಲಿ ಮುಂಬಾಗಿಲು ತೆರೆಯುವುದು ಪಾದ್ರಿಗೆ ಮತ್ತು ಶವಪೆಟ್ಟಿಗೆಗೆ. ಉಳಿದವರೆಲ್ಲ ಹಿಂಬಾಗಿಲಿನಿಂದ, ಅದೂ ತಟ್ಟದೆ.

"ಆಂಬ್ರೋಸ್, ಒಳಗಿದ್ದೀಯೇನೋ?" ಪಕ್ಕದ ಮನೆಯ ಕ್ಲೆಮ್.

"ಸ್ನಾನ ಮಾಡ್ತಿದ್ದೀನಿ."

"ನೀರಿನ ಸದ್ದೇ ಇಲ್ವಲ್ಲೋ."

"ಯೋಚನೆ ಮಾಡ್ತಿದ್ದೀನಿ."

"ನೀನಾ? ಮೈ ಹುಷಾರಿಲ್ವೇನೋ? ಇರು, ಚಹಾಕ್ಕೆ ಇಡ್ತೀನಿ."

ಆಂಬ್ರೋಸ್ ಬಚ್ಚಲ ಕಿಟಕಿಯಿಂದ ಇಳಿದು ಬಲೆಗಳ ಕೊಟ್ಟಿಗೆಗೆ ಓಡಿದ. ದೂರದಲ್ಲಿ ದೋಣಿಗಳನ್ನು ಎಚ್ಚರಿಸುವ ಮಂಜಿನ ಕಹಳೆ, ಕಡಲ ತಳದಲ್ಲಿ ಯಾವುದೋ ಹಸು ಕರೆದಂತೆ, ಬಿಟ್ಟು ಬಿಟ್ಟು ಮೊಳಗುತ್ತಿತ್ತು. ತೂಗುಹಾಕಿದ ಬಲೆಗಳು ಗಾಳಿಯಿಲ್ಲದೆ ಅಲುಗಿದವು. ಯಾರೋ ಹಲಗೆಯ ಸಂದಿನಲ್ಲಿ ಉಸಿರಾಡಿದಂತಾಯಿತು. ಹೇಗೋ ಕೆಲಸ ಮುಗಿಸಿ, ಬಾಟಲಿಯನ್ನು ಅಂಗಿಯೊಳಗೆ ಸೇರಿಸಿ ಟ್ರಕ್ ಹತ್ತಿದ.

ಊರಾಚೆ, ರಸ್ತೆಯ ನಟ್ಟನಡುವೆ, ಮಂಜಿನಲ್ಲಿ ಸೆಲೀನಜ್ಜಿ ನಿಂತಿದ್ದಳು. ಕೇಳದೆಯೇ ಹತ್ತಿ ಕೂತಳು.

"ಎದೆಗಿಟ್ಕೊಂಡ್ರೆ ಸಾಲದು ಮಗಾ. ಕೊಡಿಲ್ಲಿ."

"ಏನನ್ನ ಅಜ್ಜಿ?" ಡ್ರೂಸಿಗೆ ಬಿಟ್ಟು ಅವನು ಯಾರಿಗೂ ಹೇಳಿರಲಿಲ್ಲ.

"ನಾಚ್ಕೋಬೇಡ. ನಿನ್ನಮ್ಮನ ಹೆರಿಗೆ ಮಾಡಿಸಿದವಳಿಗೆ ನಿಂದೇನು ಗುಟ್ಟು?" ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದಳು. "ವಿಚಿತ್ರ ಜಾತಿ ಕಣೋ ಇವು. ಬೆಳೆಯುವಾಗ ತಂಪು ಬೇಕು, ಅದಕ್ಕೇ ದೇವರು ಮೈಯಿಂದಾಚೆ ಚೀಲದಲ್ಲಿ ನೇತುಹಾಕಿದ್ದು. ಹೊರಟ ಮೇಲೆ ಬೆಚ್ಚಗಿರಬೇಕು. ಗಂಡಸರ ಬುದ್ಧಿ ಹುಟ್ಟೋ ಮೊದಲೇ ಬಂದಿರುತ್ತೆ." ತನ್ನ ಕೈಚೀಲದಿಂದ ಪುಟ್ಟ ಕೆಂಪು ಕಾಲುಚೀಲವೊಂದನ್ನು ತೆಗೆದು ಬಾಟಲಿಗೆ ತೊಡಿಸಿದಳು.

ಸ್ಮಶಾನದ ತಿರುವಿನಲ್ಲಿ ಇಳಿದಳು. ಜಲ್ಲಿಯ ಮೇಲೆ ಹೆಜ್ಜೆ ಸಪ್ಪಳವೇ ಕೇಳಲಿಲ್ಲ.

ಐವತ್ತೆಂಟನೆಯ ನಿಮಿಷಕ್ಕೆ ಅವನು ಆಸ್ಪತ್ರೆಯಲ್ಲಿದ್ದ. ಕಾಲುಚೀಲ ತೊಟ್ಟ ಬಾಟಲಿ ನೋಡಿ ಲ್ಯಾಬಿನ ಹೆಂಗಸು ತುಟಿ ಕಚ್ಚಿಕೊಂಡಳು. ಸೂಕ್ಷ್ಮದರ್ಶಕದಿಂದ ತಲೆಯೆತ್ತಿದಾಗ ಮಾತ್ರ ಗಂಭೀರವಾಗಿದ್ದಳು. "ಸೊನ್ನೆ. ಒಂದೂ ಇಲ್ಲ. ಕಾಲುಚೀಲ ಮರೀಬೇಡಿ."

ಅದನ್ನು ಜೇಬಿಗೆ ಹಾಕಿಕೊಂಡು ದಾರಿಯುದ್ದಕ್ಕೂ ಆಂಬ್ರೋಸ್ ಹಾಡಿಕೊಂಡು ಬಂದ. ಮನೆಯೆದುರು ಹಾಡು ನಿಂತಿತು. ಅವನಪ್ಪ ಸತ್ತಾಗ ಕೊನೆಯ ಸಲ ತೆರೆದಿದ್ದ ಮುಂಬಾಗಿಲು ಹಾರುಹೊಡೆದಿತ್ತು. ಹೊಸ್ತಿಲಲ್ಲಿ ಡ್ರೂಸಿ ನಿಂತಿದ್ದಳು. ಒಳಗೆ ಕ್ಲೆಮ್ ಚಹಾ ಹಿಡಿದು, ಹೆಣದ ಮನೆಯಲ್ಲಿ ಕೂತವನಂತೆ ಕೂತಿದ್ದ.

"ಸೊನ್ನೆ ಕಣೇ ಡ್ರೂಸಿ. ಒಂದೂ ಇಲ್ವಂತೆ."

"ಈಗ ಇಲ್ಲ," ಎಂದಳು. "ಆಪರೇಷನ್ ಆಗಿ ಎಂಟನೇ ವಾರ, ಬಿರುಗಾಳಿಗೆ ಕರೆಂಟು ಹೋಗಿತ್ತಲ್ಲ. ಅವತ್ತು?"

ಆಂಬ್ರೋಸ್ ಬೆರಳು ಮಡಿಚಿ ವಾರ ಎಣಿಸತೊಡಗಿದ. ದೂರದಲ್ಲಿ ಮಂಜಿನ ಕಹಳೆ ಮೊಳಗಿತು.

"ಸುಸ್ತು ಅಂತ ಕೆಲಸದಿಂದ ಬೇಗ ಬಂದೆ. ಇದು ಈ ಮೆಟ್ಟಿಲ ಮೇಲಿತ್ತು." ಅವಳ ಬೆರಳಿಗೆ ಪುಟ್ಟ ಕೆಂಪು ಕಾಲುಚೀಲ ಸಿಕ್ಕಿಕೊಂಡಿತ್ತು. "ನಾಲ್ಕು ಸಲವೂ ಹೀಗೇ ಅಲ್ವಾ, ಬಸುರಿ ಅಂತ ನನಗೇ ಗೊತ್ತಾಗೋಕೆ ಮುಂಚೆ ಅಜ್ಜಿ ತಂದಿಟ್ಟದ್ದು? ಆದ್ರೆ ಈ ಸಲ ಒಂದೇ ಇದೆ. ಇದರ ಜೊತೆಯದು ಎಲ್ಲಿ ಹೋಯ್ತೋ."

ಆಂಬ್ರೋಸ್ ಜೇಬಿಗೆ ಕೈಹಾಕಿದ. ಅದು ಇನ್ನೂ ಬೆಚ್ಚಗಿತ್ತು.