ಹಗಲು ಮುಚ್ಚಿದ ಬಾಗಿಲು

ಎಲ್ಲಾ ಕೆಟ್ಟದ್ದು ಒಂದು ತಂಬಿಗೆ ಮಜ್ಜಿಗೆಯಿಂದ.

ಸವಣೂರಿನ ಆ ಓಣಿಯಲ್ಲಿ ಎದುರುಮನೆಯ ಮಹಾದೇವಕ್ಕ ಮಜ್ಜಿಗೆ ಕಡೆದಳೆಂದರೆ ಒಂದು ತಂಬಿಗೆ ಚನ್ನವೀರಪ್ಪನ ಮನೆಗೆ ಬರಲೇಬೇಕು. ಹೋದ ತಿಂಗಳೂ ಬಂತು. ಚನ್ನವೀರಪ್ಪನ ಕಿರಿಮಗಳು ನೀಲಾಂಬಿಕಾ ಪಡಸಾಲೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತು ಇಂಗ್ಲಿಷ್ ಪರೀಕ್ಷೆ ಬರೆಯುತ್ತಿದ್ದಳು. ಮುದುಕಿ ನೆಟ್ಟಗೆ ಒಳಗೆ ಬಂದು, "ಮಾರಿ ಬಾಡೇತಿ ನಿಂದು, ಮೊದ್ಲ ಇದನ್ನ ಕುಡಿಯವಾ" ಎಂದು ತಂಬಿಗೆಯನ್ನು ಕೀಬೋರ್ಡಿನ ಪಕ್ಕ ಇಟ್ಟಳು. ಪರದೆಯಲ್ಲಿ ತನ್ನ ಮುಖ ಕಂಡದ್ದೇ ಸೆರಗನ್ನೂ ಸರಿಮಾಡಿಕೊಂಡಳು.

ಪರೀಕ್ಷೆ ಅಲ್ಲಿಗೇ ರದ್ದಾಯಿತು. ಮನೆಯಲ್ಲೇ ಕೂತು ಬರೆಯಬಹುದಾದ ಪರೀಕ್ಷೆಯೇನೋ ಹೌದು; ಆದರೆ ಕೋಣೆಯೊಳಗೆ ಇನ್ನೊಬ್ಬರು ಕಾಲಿಡುವಂತಿಲ್ಲ, ಬರೆಯುವವರು ಇನ್ನೊಬ್ಬರ ಜೊತೆ ಮಾತಾಡುವಂತಿಲ್ಲ. ಕ್ಯಾಮೆರಾದ ಆಚೆ ಯಾವುದೋ ದೇಶದಲ್ಲಿ ಕೂತು ಕಾಯುತ್ತಿದ್ದ ಮೇಲ್ವಿಚಾರಕನಿಗೆ ಮಜ್ಜಿಗೆಯ ಮರ್ಯಾದೆ ಹೇಗೆ ಗೊತ್ತಿರಬೇಕು?

ಸಿಟ್ಟಿನಲ್ಲಿ ನೀಲಾಂಬಿಕಾ, "ಆಯಿ, ಕರೀಲಾರದ ಯಾಕ ಒಳಗ ಬರ್ತಿ ನೀ?" ಎಂದುಬಿಟ್ಟಿದ್ದಳು. ಅಂಥ ಮಾತು ಆ ಓಣಿಯಲ್ಲಿ ಯಾರೂ ಯಾರಿಗೂ ಅಂದದ್ದಿಲ್ಲ. ಮಹಾದೇವಕ್ಕ ತಂಬಿಗೆ ಎತ್ತಿಕೊಂಡು ಹೋದವಳು ಮತ್ತೆ ಹೊಸ್ತಿಲು ತುಳಿಯಲಿಲ್ಲ. ಮಜ್ಜಿಗೆಯೂ ನಿಂತಿತು. ನೀಲಾಂಬಿಕಾಗೆ ಅಂದಿನಿಂದ ಊಟ ಮುಗಿದರೂ ಮುಗಿದಂತೆ ಅನಿಸುತ್ತಿರಲಿಲ್ಲ. ಕ್ಷಮೆ ಕೇಳಬೇಕು, ಆದರೆ ಪರೀಕ್ಷೆ ಮುಗಿಯಲಿ ಎಂದು ಮುಂದೆ ಹಾಕುತ್ತಲೇ ಬಂದಿದ್ದಳು.

ಅವಳಿಗೆ ಆ ಪರೀಕ್ಷೆ ಯಾಕೆ ಬೇಕಾಗಿತ್ತೆಂದರೆ, ಜರ್ಮನಿಯ ಒಂದು ವಿಶ್ವವಿದ್ಯಾಲಯ ಅವಳಿಗೆ ಕಂಪ್ಯೂಟರ್ ವಿಜ್ಞಾನದ ಎಂ.ಎಸ್. ಸೀಟು ಕೊಡಲು ಮುಕ್ಕಾಲು ಪಾಲು ಒಪ್ಪಿತ್ತು. ಪರದೇಶದವರಿಗೆಂದು ಅವರು ಹಾಕಿದ ಷರತ್ತುಗಳು ಒಂದೆರಡಲ್ಲ. ಗಣಿತ ಎಷ್ಟು ಓದಿದ್ದೀ, ಪ್ರತಿ ವಿಷಯದ ಪಠ್ಯದಲ್ಲಿ ಏನೇನಿತ್ತು, ನಿನ್ನ ಬಗ್ಗೆ ಗುರುಗಳು ಏನನ್ನುತ್ತಾರೆ, ಎಲ್ಲಕ್ಕೂ ಪುರಾವೆ ಬೇಕು. ಶಿಗ್ಗಾಂವಿಯ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಕಂಪ್ಯೂಟರ್ ಕಲಿಸುತ್ತ, ವರ್ಷವಿಡೀ ಓಡಾಡಿ ಅವಳು ಎಲ್ಲವನ್ನೂ ಹೊಂದಿಸಿದ್ದಳು. ಶಿಫಾರಸು ಕೇಳಿದಾಗ ಹಳೆಯ ಗುರುಗಳೊಬ್ಬರು, "ನೀನ ಬರ್ಕೊಂಡ ಬಾರವಾ, ಸಹಿ ಹಾಕ್ತೇನಿ" ಎಂದರು. ಬರೆದುಕೊಂಡು ಹೋದರೆ, "ಇಷ್ಟ ಶ್ಯಾಣ್ಯಾಕಿ ಇದ್ದೇನ ನೀ?" ಎಂದು ಅರ್ಧ ಹೊಗಳಿಕೆ ಹೊಡೆದುಹಾಕಿದರು.

ಉಳಿದದ್ದು ಇಂಗ್ಲಿಷಿನ ಅಂಕ ಒಂದೇ. ಗಡುವಿನೊಳಗೆ ಅದು ಅಲ್ಲಿಗೆ ತಲುಪಬೇಕಾದರೆ ಇವತ್ತಿನ ಪರೀಕ್ಷೆಯೇ ಕೊನೆಯದು. ಚನ್ನವೀರಪ್ಪನೂ ಒಂದು ಷರತ್ತು ಹಾಕಿದ್ದ.

"ಈ ಸಲ ಆತಂದ್ರ ವಿಮಾನದ ಮೆಟ್ಲತನಕ ನಾನ ಬಂದು ಕಳಸ್ತೇನಿ. ಆಗ್ಲಿಲ್ಲಂದ್ರ ಹಾನಗಲ್ಲಿನವ್ರಿಗೆ ನಿನ್ನ ನೋಡಾಕ ಬರ್ರಿ ಅಂತೇನಿ. ಆಮ್ಯಾಲ ಅಳಬಾರದು."

ಹಾನಗಲ್ಲಿನವರ ಹುಡುಗ ಒಳ್ಳೆಯವನೇ. ಅವನ ತಾಯಿ ಮಾತ್ರ ಫೋನಿನಲ್ಲೇ, "ಓದಿದ್ದು ಸಾಕಲ್ರಿ ಇನ್ನ?" ಎಂದು ಕೇಳಿದ್ದಳು.

ಆದ್ದರಿಂದ ಇವತ್ತು ನೀಲಾಂಬಿಕಾ ಯುದ್ಧಕ್ಕೆ ನಿಂತವಳಂತೆ ತಯಾರಾಗಿದ್ದಳು. ಮೊದಲು ಅವ್ವನನ್ನು ಹಿರೇಕೆರೂರಿಗೆ, ಅಕ್ಕನ ಮನೆಗೆ ಸಾಗಿಸಿದಳು. ಅವ್ವ ಇದ್ದರೆ ಕೆಲಸ ಕೆಟ್ಟಿತೆಂದೇ ಲೆಕ್ಕ. ಬಾಗಿಲಿಗೆ ಬಂದವರು ಎರಡನೇ ಸಲ ಕರೆಯುವಂತಾಗಬಾರದು ಎಂಬುದು ಅವಳ ನೇಮ. ಕೈ ಹಿಟ್ಟಿನಲ್ಲಿರಲಿ, ತಲೆಗೆ ಸೀಗೆಕಾಯಿ ಹಚ್ಚಿರಲಿ, ಮೊದಲು ಬಾಯಿಂದ "ಬರ್ರೀ" ಹೊರಡಬೇಕು. ಇಬ್ಬರು ಹೆಣ್ಣುಮಕ್ಕಳಿಗೂ ಅದನ್ನು ಅಕ್ಷರಕ್ಕಿಂತ ಮೊದಲೇ ಕಲಿಸಿದ್ದಳು.

ಆಮೇಲೆ ಪಡಸಾಲೆಯನ್ನು ಖಾಲಿ ಮಾಡಿದಳು. ಕ್ಯಾಲೆಂಡರ್, ಹಾಸಿಗೆಯ ಸುರುಳಿ, ಅಪ್ಪ ವ್ಯಾಪಾರಕ್ಕೆ ತಂದಿಟ್ಟ ವೀಳ್ಯದೆಲೆಯ ಪೆಂಡಿ, ಎಲ್ಲ ಹಿತ್ತಲಿಗೆ ಹೋದವು. ಕಿವಿಗೆ ಏನನ್ನೂ ಹಾಕಿಕೊಳ್ಳಬಾರದು, ಪ್ರಶ್ನೆಯ ದನಿ ಸ್ಪೀಕರಿನಿಂದಲೇ ಬರಬೇಕು ಎಂಬುದೂ ನಿಯಮ. ಲ್ಯಾಪ್‌ಟಾಪಿನ ದನಿಯೋ ಗಂಟಲು ಕಟ್ಟಿದಂಥದ್ದು. ಪಕ್ಕದ ಮನೆಯ ದಿಲ್ಶಾದ ತನ್ನ ಗಂಡ ಅಯಾಜನ ಅಂಗಡಿಯಿಂದ ಸ್ಪೀಕರ್ ತಂದುಕೊಟ್ಟಳು.

"ಭಾಳ ಚಲೋದೈತವಾ. ಮಂದಿ ಬಾಗಲದಾಗ ನಿಂತು ಮಾತಾಡಿದಂಗ ಕೇಳ್ತೈತಿ."

ಅದರ ಕರೆಂಟಿನ ವಯರು ಗಿಡ್ಡದಿತ್ತು. ಕರೆಂಟಿನ ಪ್ಲಗ್ಗು ಬಾಗಿಲ ಹತ್ತಿರವೇ ಇದ್ದುದರಿಂದ ಸ್ಪೀಕರನ್ನು ಬಾಗಿಲ ಪಕ್ಕದ ಗೂಡಿನಲ್ಲಿಟ್ಟರು.

"ಅಪ್ಪಾ, ಹೊರಗಿಂದ ಕೊಂಡಿ ಹಾಕು. ನಾ ಒಳಗಿಂದ ಕರಿಯೋತನಕ ದೇವರ ಬಂದ್ರೂ ತಗೀಬ್ಯಾಡ."

"ನೀ ಕರದ್ರನ ತಗೀತೇನಿ, ಆತಿಲ್ಲೋ?" ಎಂದು ಚನ್ನವೀರಪ್ಪ ಕೊಂಡಿ ಹಾಕಿ ಕಟ್ಟೆಯ ಮೇಲೆ ಕೂತ.

ಆ ಓಣಿಯಲ್ಲಿ ಹಗಲು ಬಾಗಿಲು ಮುಚ್ಚುವುದು ಎರಡೇ ಕಾರಣಕ್ಕೆ. ಒಂದು, ಒಳಗೆ ಜಗಳ ನಡೆದಿರಬೇಕು. ಇಲ್ಲವೇ ಹೆಣ್ಣು ನೋಡಲು ಬಂದಿರಬೇಕು. ಜಗಳದ ದನಿ ಕೇಳದಿದ್ದ ಮೇಲೆ ಎರಡನೆಯದೇ ಖಾತ್ರಿ ಎಂದು ಓಣಿ ತೀರ್ಮಾನಿಸಿತು. ಒಬ್ಬಾಕೆ ಮಲ್ಲಿಗೆ ದಂಡೆ ತಂದಳು. ಇನ್ನೊಬ್ಬಾಕೆ ಕುರುಕಲು ಖಾರಾದ ಪೊಟ್ಟಣ ಹಿಡಿದು, "ಬೀಗರಿಗೆ ಚಾದ ಸಂಗಾಟ ಆಗ್ತೈತಿ" ಎಂದಳು. ಸಿಟ್ಟನ್ನು ಬದಿಗಿಟ್ಟು ಮಹಾದೇವಕ್ಕನೂ ಓಣಿ ದಾಟಿ ಬಂದಳು.

"ಚನ್ನವೀರಪ್ಪಾ, ನಾ ಎತ್ತಿ ಆಡಿಸಿದ ಹುಡುಗಿ ಅದು. ನೋಡಾಕ ಬಂದ್ರ ನನಗೊಂದ ಮಾತ ಹೇಳಬಾರದಾ?"

"ಶ್‌! ಯಾರೂ ಬಂದಿಲ್ಲವಾ. ಪರೀಕ್ಷಾ ನಡದೈತಿ" ಎಂದು ಚನ್ನವೀರಪ್ಪ ಪಿಸುಗುಟ್ಟಿದ. ಅವನ ಪಿಸುಮಾತು ಸಂತೆಯಲ್ಲಿ ಎಲೆ ಹರಾಜು ಕೂಗಿದಂತಿರುತ್ತದೆ. ಕೊನೆಗೆ ದಿಲ್ಶಾದಳೇ ಅವನ ಬಾಯಿ ಮುಚ್ಚಿಸಿ, ಎಲ್ಲರಿಗೂ ಕೈಸನ್ನೆಯಲ್ಲಿ ಅರ್ಧ, ಉಸಿರಿನಲ್ಲಿ ಅರ್ಧ ವಿಷಯ ತಿಳಿಸಿದಳು. ಇದು ಕೊನೆಯ ಅವಕಾಶ, ಹೋದ ಸಲ ಮಜ್ಜಿಗೆಯಿಂದ ಕೆಟ್ಟಿತ್ತು, ಎಂದೂ ಹೇಳಿಬಿಟ್ಟಳು.

ಮಹಾದೇವಕ್ಕನ ಮುಖ ಸಣ್ಣದಾಯಿತು. "ನನ್ನಿಂದ ಕೆಟ್ಟಿತ್ತಾ?" ಎಂದಷ್ಟೇ ಕೇಳಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಾಗಿಲ ಪಕ್ಕ ಕೂತಳು.

ಆಮೇಲೆ ಓಣಿ ತೋರಿಸಿದ ಶಿಸ್ತನ್ನು ಪೊಲೀಸರು ಕೂಡ ತೋರಿಸಲಾರರು. ಮದುವೆ ಮನೆಯೊಂದರಿಂದ ಹೊಲಿಯಲು ಬಂದ ರವಿಕೆಗಳು ಹಾಗೇ ಬಿದ್ದಿದ್ದರೂ ದಿಲ್ಶಾದ ಹೊಲಿಗೆ ಯಂತ್ರ ಮುಟ್ಟಲಿಲ್ಲ. ಯಾರದೋ ಮನೆಯ ಕುಕ್ಕರು ಸೀಟಿ ಹೊಡೆಯುವ ಮೊದಲೇ ಒಲೆಯಿಂದ ಇಳಿಯಿತು. ಮೈಕು ಹಚ್ಚಿಕೊಂಡು ಉಳ್ಳಾಗಡ್ಡಿ ಗಾಡಿ ಬಂದಾಗ ಮಹಾದೇವಕ್ಕ ಗಾಡಿಯ ಎದುರೇ ನಿಂತು ಎರಡೂ ಕೈ ಅಡ್ಡ ಹಿಡಿದಳು. ಆತ ಬಾಯಿ ತೆರೆಯುವಷ್ಟರಲ್ಲಿ, ಬೇಡದಿದ್ದರೂ ಮಡಿಲು ತುಂಬ ಉಳ್ಳಾಗಡ್ಡಿ ಕೊಂಡು ಅವನನ್ನು ಸಾಗಹಾಕಿದಳು. ಕೆಮ್ಮು ಬಂದವರು ಓಣಿಯ ತುದಿಗೆ ಓಡಿಹೋಗಿ ಕೆಮ್ಮಿ ಬರುತ್ತಿದ್ದರು.

ಒಳಗೆ ನೀಲಾಂಬಿಕಾಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಓದುವ ಭಾಗ ಸಲೀಸಾಗಿ ಮುಗಿಯಿತು. ಮನಸ್ಸು ಹಗುರಾಯಿತು. ಪರೀಕ್ಷೆ ಮುಗಿದ ಕೂಡಲೇ ಮೊದಲು ಆಯಿಯ ಮನೆಗೆ ಹೋಗಬೇಕು, ಕಾಲು ಮುಟ್ಟಿ ಮಜ್ಜಿಗೆ ಕೇಳಬೇಕು ಅಂದುಕೊಂಡಳು. ಹಾಗೆ ಅಂದುಕೊಳ್ಳುತ್ತಿರುವಾಗಲೇ ಕೇಳಿಸಿಕೊಳ್ಳುವ ಭಾಗ ಶುರುವಾಯಿತು.

ಟಕ್, ಟಕ್, ಟಕ್. ಬಾಗಿಲು ಬಡಿದ ಸದ್ದು.

"ಯಾರ್ರೀ? ಬರ್ರೀ, ಬರ್ರೀ ಒಳಗ!" ಎಂದಳು ನೀಲಾಂಬಿಕಾ, ಅವ್ವನದೇ ದನಿಯಲ್ಲಿ, ಅವ್ವನಷ್ಟೇ ಜೋರಾಗಿ.

ಬಾಗಿಲ ಪಕ್ಕದ ಗೂಡಿನ ಸ್ಪೀಕರಿನಿಂದ ಹುಡುಗಿಯೊಬ್ಬಳು ಇಂಗ್ಲಿಷಿನಲ್ಲಿ, ಪ್ರೊಫೆಸರರೇ, ಒಳಗೆ ಬರಬಹುದೇ, ಪ್ರವೇಶದ ವಿಷಯ ಕೇಳಬೇಕಿತ್ತು, ಎಂದಳು. ಪ್ರೊಫೆಸರರು ಸಂತೋಷದಿಂದ ಬಾ ಎಂದರು. ಬಡಿದದ್ದು ಪರೀಕ್ಷೆಯೊಳಗಿನ ಬಾಗಿಲು! ನೀಲಾಂಬಿಕಾ ನಾಲಿಗೆ ಕಚ್ಚಿಕೊಂಡಳು, ಆದರೆ ಮಾತು ಆಗಲೇ ಬಾಗಿಲ ಸಂದಿಯಿಂದ ಹೊರಬಿದ್ದಿತ್ತು.

"ಕರದಳು! ಮುಗೀತು!" ಎಂದು ಚನ್ನವೀರಪ್ಪ ಕೊಂಡಿ ತೆಗೆದ.

ಅಷ್ಟು ಹೊತ್ತು ಉಸಿರು ಬಿಗಿಹಿಡಿದಿದ್ದ ಓಣಿ ಒಮ್ಮೆಲೇ ಒಳನುಗ್ಗಿತು. ಕೆಮ್ಮು, ನಗು, ಮಲ್ಲಿಗೆ, ಖಾರಾ, ಎಲ್ಲವೂ ಕ್ಯಾಮೆರಾದ ಮುಂದೆ ಒಟ್ಟಿಗೇ ಬಂದು ನಿಂತವು. "ಪಾಸ್ ಆದೇನವಾ?" ಎಂದು ದಿಲ್ಶಾದ ಅಪ್ಪಿಕೊಂಡಳು. ಪರದೆಯ ಮೇಲೆ ಪರೀಕ್ಷೆ ರದ್ದಾಗಿದೆ ಎಂಬ ಸಾಲು ಬಂದದ್ದನ್ನು ಅವಳ ಭುಜದ ಮೇಲಿಂದ ನೀಲಾಂಬಿಕಾ ಓದಿದಳು.

ಎಲ್ಲರೂ ಒಳಗೆ ಬಂದ ಮೇಲೂ ಮಹಾದೇವಕ್ಕ ಮಾತ್ರ ಹೊಸ್ತಿಲ ಆಚೆಯೇ ನಿಂತಿದ್ದಳು. ಮಡಿಲಲ್ಲಿ ಉಳ್ಳಾಗಡ್ಡಿ, ಕಣ್ಣಲ್ಲಿ ನೀರು.

"ಈ ಸಲ ನೀನ ಕರದಿಯಲ್ಲವಾ, ಅದಕ್ಕ ಬಂದೆ. ಬರ್ಲ್ಯಾ ಒಳಗ?"

ಕೆಡಿಸಿದರೆಂದು ಯಾರ ಮೇಲೆ ಸಿಟ್ಟಾಗುವುದು? ನೀಲಾಂಬಿಕಾ ಲ್ಯಾಪ್‌ಟಾಪನ್ನು ಮುಚ್ಚಿದಳು. "ಬಾ ಆಯಿ" ಎಂದು ಕೈಹಿಡಿದು ಕರೆತಂದು ಕೂರಿಸಿದಳು. ಚಹಾ ಇಡುವ ನೆಪದಲ್ಲಿ ಅಡಿಗೆಮನೆಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ. ಸಕ್ಕರೆ ಡಬ್ಬಿ ಹುಡುಕುತ್ತಿದ್ದೇನೆ ಎಂದರೆ ಹೊರಗಿನವರು ನಂಬಿದರು.

ಮರುದಿನದಿಂದ ಮಜ್ಜಿಗೆ ಮತ್ತೆ ಬರತೊಡಗಿತು. ಚನ್ನವೀರಪ್ಪ ಮಾತಿಗೆ ತಪ್ಪುವವನಲ್ಲ. ಹಾನಗಲ್ಲಿಗೆ ಫೋನು ಮಾಡಿದ.

ಮುಂದಿನ ವಾರ ಆ ಬಾಗಿಲು ಹಗಲಿನಲ್ಲಿ ಮತ್ತೊಮ್ಮೆ ಮುಚ್ಚಿತು. ಪಡಸಾಲೆಯಲ್ಲಿ ನೀಲಾಂಬಿಕಾ ಮಲ್ಲಿಗೆ ಮುಡಿದು ಕೂತಿದ್ದಳು. ಹಿರೇಕೆರೂರಿನಿಂದ ಮರಳಿದ ಅವ್ವ ಹಿತ್ತಲಲ್ಲಿದ್ದಳು. ಟಕ್, ಟಕ್, ಟಕ್ ಎಂದು ಬಾಗಿಲು ಬಡಿದ ಸದ್ದಾಯಿತು. ಈ ಸಲ ನಿಜವಾಗಿಯೂ ಬಡಿದಿದ್ದರು, ಹಾನಗಲ್ಲಿನವರು. ನೀಲಾಂಬಿಕಾ ತುಟಿ ಬಿಗಿಹಿಡಿದು ಸುಮ್ಮನೆ ಕೂತಳು. "ಬರ್ರೀ" ಎಂದು ಅಪ್ಪನೇ ಹೇಳಬೇಕಾಯಿತು.