ಗೋಧಿಯಿಲ್ಲದ ಟಾಕೋ ಹುಡುಕಿ ಹೊರಟದ್ದು

ಮಕ್ಕಳಿಗೆ ಹೆದರುವ ತಂದೆಯರು ಮೊದಲೂ ಇದ್ದರೋ, ಈಚೆಗೆ ಹುಟ್ಟಿಕೊಂಡ ಜಾತಿಯೋ ನನಗೆ ಗೊತ್ತಿಲ್ಲ. ನಾನಂತೂ ಹನ್ನೊಂದು ವರ್ಷದ ನನ್ನ ಮಗಳು ಸಾನ್ವಿಗೆ ಹೆದರುತ್ತೇನೆ. ಅದೂ ಅಡುಗೆಮನೆಯಲ್ಲಿ. ಇದು ಹೊರಗೆ ಹೇಳಿಕೊಳ್ಳುವ ಮಾತಲ್ಲ. ಯಾಕೆಂದರೆ ನಾನು ಉಡುಪಿ ಕಡೆಯಿಂದ ಬಂದು ಮುಂಬಯಿ ಹೊರಗಿನ ಡೊಂಬಿವಲಿಯಲ್ಲಿ ಹೋಟೆಲು ನಡೆಸುವವನು. ದೋಸೆ ಕಾವಲಿಯ ಮುಂದೆ ನಿಂತು ಕೆಲಸ ಶುರುಮಾಡಿ ಮೂವತ್ತು ವರ್ಷ ಆಯಿತು. ಹಿಟ್ಟನ್ನು ಎರಡು ಬೆರಳ ನಡುವೆ ಉಜ್ಜಿ, ಇದಕ್ಕೆ ಉದ್ದು ಎಷ್ಟು ಬಿದ್ದಿದೆ ಎಂದು ಹೇಳಬಲ್ಲೆ. ಒಮ್ಮೆ ಪಕ್ಕದೂರು ಕಲ್ಯಾಣದ ಮದುವೆಮನೆಯೊಂದರಲ್ಲಿ ಒಂದು ತುತ್ತು ಉಪ್ಪಿಟ್ಟು ಬಾಯಿಗಿಟ್ಟು, ರವೆ ಹುರಿಯುತ್ತಿದ್ದವನು ನಡುವೆ ಫೋನಿಗೆ ಎದ್ದುಹೋಗಿದ್ದಾನೆ ಎಂದೆ. ಅಡುಗೆಯವರು ತಲೆ ತಗ್ಗಿಸಿ ಹೌದೆಂದರು. ಈ ಕತೆಯನ್ನು ನಾನು ಎಷ್ಟು ಸಲ ಹೇಳಿದ್ದೇನೆಂದರೆ, ಉಪ್ಪಿಟ್ಟು ಎಂಬ ಶಬ್ದ ಕಿವಿಗೆ ಬಿದ್ದರೆ ಸಾಕು, ನನ್ನ ಹೆಂಡತಿ ಶೈಲಾ ಬಟ್ಟೆ ಒಣಗಿದೆಯೋ ನೋಡಲು ಬಾಲ್ಕನಿಗೆ ಹೋಗುತ್ತಾಳೆ.

ಎರಡು ವರ್ಷದ ಹಿಂದೆ ಸಾನ್ವಿ ಸೊರಗುತ್ತಾ ಬಂದಳು. ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ; ವಾರಕ್ಕೆರಡು ದಿನ ಹೊಟ್ಟೆ ಹಿಡಿದುಕೊಂಡು ಮಲಗುತ್ತಿದ್ದಳು. ಠಾಣೆಯ ಡಾಕ್ಟರೊಬ್ಬರು ಪರೀಕ್ಷೆಗಳನ್ನೆಲ್ಲ ಮಾಡಿಸಿ, ಇದು ಸೀಲಿಯಾಕ್, ಗೋಧಿಯಲ್ಲಿರುವ ಗ್ಲುಟನ್ ಎಂಬ ಅಂಶ ಈಕೆಯ ಕರುಳಿಗೆ ವಿಷ ಎಂದರು. ಗೋಧಿ, ಮೈದಾ, ರವೆ, ಬಾರ್ಲಿ ಯಾವುದೂ ಕೂಡದು, ಜನ್ಮಪೂರ್ತಿ ಕೂಡದು, ಒಂದು ಕಣವೂ ಕೂಡದು. ನಾನು ಧೈರ್ಯವಾಗಿ ನಕ್ಕೆ. ನಾವು ಅಕ್ಕಿ ತಿನ್ನುವ ಜನ, ನಮ್ಮ ಮನೆಯಲ್ಲಿ ಇದೇನು ಮಹಾ ಎಂದೆ. ಚಪಾತಿ ನನಗೊಬ್ಬನಿಗೇ, ಅದೂ ಸಕ್ಕರೆ ಕಾಯಿಲೆಯ ಕಾರಣಕ್ಕೆ. ಡಾಕ್ಟರು ನಗಲಿಲ್ಲ.

ಎರಡು ತಿಂಗಳಾದರೂ ಹೊಟ್ಟೆನೋವು ಪೂರ್ತಿ ಹೋಗಲಿಲ್ಲ. ಶೈಲಾ ದೇವರಿಗೆ ಹರಕೆ ಹೊತ್ತಳು, ನಾನು ಶಾಲೆಯ ಕ್ಯಾಂಟೀನನ್ನು ಬೈದೆ. ಆಗ ಒಂಬತ್ತು ವರ್ಷದ ಸಾನ್ವಿ ಒಂದು ಭಾನುವಾರ ಅಡುಗೆಮನೆಯ ಕಪಾಟಿನ ಡಬ್ಬಗಳನ್ನೆಲ್ಲ ನೆಲಕ್ಕಿಳಿಸಿ, ನಡುವೆ ಚಕ್ಕಳಮಕ್ಕಳ ಕೂತು ಒಂದೊಂದನ್ನೇ ಓದತೊಡಗಿದಳು. ಪರೀಕ್ಷೆಗೆ ಹಾಗೆ ಓದಿದ್ದನ್ನು ನಾನು ಕಂಡಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ತನ್ನ ಅರ್ಧ ಕನ್ನಡ ಅರ್ಧ ಹಿಂದಿಯಲ್ಲಿ ಕೂಗಿದಳು, "ಪಪ್ಪಾ, ಇಂಗಲ್ಲಿ ಆಟಾ ಹೈ."

"ಇಂಗಿನಲ್ಲಿ ಎಂಥ ಗೋಧಿ ಹಿಟ್ಟು ಮಗಾ? ಇಂಗು ಅಂದ್ರೆ ಇಂಗು."

"ಪಢೋ ನಾ."

ಕನ್ನಡಕ ಹಾಕಿಕೊಂಡು ಓದಿದೆ. ಅಂಟು, ಗೋಧಿ ಹಿಟ್ಟು, ಆಮೇಲೆ ಇಂಗು. ಮೂವತ್ತು ವರ್ಷ ಆ ಡಬ್ಬವನ್ನು ಮುಚ್ಚಿ ತೆಗೆದವನು ನಾನು, ಒಂದು ದಿನವೂ ಅದರ ಹಿಂಬದಿ ತಿರುಗಿಸಿ ನೋಡಿರಲಿಲ್ಲ. ಎರಡು ತಿಂಗಳು ದಿನಾ ಸಾಂಬಾರಿಗೆ ಘಮಘಮ ಎನ್ನುವ ಹಾಗೆ ಒಗ್ಗರಣೆ ಹಾಕಿ, ಮಗಳ ತಟ್ಟೆಗೆ ನನ್ನ ಕೈಯಾರೆ ಸುರಿದಿದ್ದೆ. ಆ ದಿನ ನನಗೆ ಊಟ ಸೇರಲಿಲ್ಲ. ಸಾನ್ವಿ ಮಾತ್ರ ಯಾರನ್ನೂ ಬೈಯದೆ ಮುಂದಿನ ಡಬ್ಬವನ್ನು ಕೈಗೆತ್ತಿಕೊಂಡಳು.

ಅಂದಿನಿಂದ ಯಾರ ಬರ್ತ್‌ಡೇಗೆ ಹೋದರೂ ತನ್ನದೇ ಡಬ್ಬಿ ಒಯ್ದು, ಮೂಲೆಯಲ್ಲಿ ಕೂತು ತಿಂದು ಬರುತ್ತಿದ್ದಳು. ಒಂದು ಸಲವೂ ಅತ್ತವಳಲ್ಲ. ಈ ವರ್ಷ ತನ್ನ ಹುಟ್ಟುಹಬ್ಬ ಹತ್ತಿರ ಬಂದಾಗ, ಆರು ಜನ ಗೆಳತಿಯರನ್ನು ಡೊಂಬಿವಲಿ ಪಕ್ಕದ ಠಾಕುರ್ಲಿಯ ನಮ್ಮ ಮನೆಗೇ ಕರೆಯುತ್ತೇನೆ ಎಂದಳು. "ಇಸ್ ಬಾರ್ ನಾನು ತಿನ್ನೋದೇ ಎಲ್ರೂ ತಿನ್ಬೇಕು. ಟಾಕೋ."

ಟಾಕೋ ಎಂದರೆ ದೋಣಿಯ ಹಾಗೆ ಮಡಚಿ ಕರಿದ ಮೆಕ್ಕೆಜೋಳದ ಹಪ್ಪಳ, ಅದರೊಳಗೆ ಪಲ್ಯ. ಇಷ್ಟೇ ತಾನೆ ಎಂದು ನಾನು ನೀರುದೋಸೆಯನ್ನು ಸೌಟಿನ ಬೆನ್ನ ಮೇಲೆ ಮಡಚಿ ಒಣಗಿಸಿ ತೋರಿಸಿದೆ. ಅದು ನಿಲ್ಲಲಿಲ್ಲ, ಒರಗಿಕೊಂಡಿತು. ಸಾನ್ವಿ ಅದನ್ನು ಮರುಕದಿಂದ ನೋಡಿದಳು. ಶೈಲಾ, "ಮಾರಾಯ್ರೆ, ಹುಡುಗಿ ಕೇಳಿದ್ದು ಟಾಕೋ. ಅದನ್ನೇ ತಂದು ಕೊಡಿ, ಆಗದಾ?" ಎಂದಳು.

ಹೀಗೆ ಒಂದು ಶನಿವಾರ ಅಪ್ಪ ಮಗಳು ಠಾಣೆಯಲ್ಲಿ ರೈಲು ಬದಲಿಸಿ ನವಿ ಮುಂಬಯಿಯ ಸೀವುಡ್ಸ್‌ಗೆ ಹೋದೆವು. ಅಲ್ಲಿ ಸ್ಟೇಷನ್ನಿನ ಮೇಲೆಯೇ ಇರುವ ಮಾಲ್‌ನಲ್ಲಿ, ಹೊರದೇಶದ ಸಾಮಾನುಗಳ ಒಂದು ಇಡೀ ಸಾಲಿದೆ. ಟಾಕೋ ಡಬ್ಬಗಳೇ ಐದು ಬಗೆ. ಎಲ್ಲದರ ಮೇಲೂ ಹಳದಿ ಜೋಳದ ತೆನೆಯ ಚಿತ್ರ. ನಾನು ಅತಿ ಹಸಿರಾಗಿದ್ದ ಒಂದನ್ನು ಎತ್ತಿಕೊಂಡು, "ಇದು ನೋಡು, ಮಲ್ಟಿಗ್ರೇನ್, ಆರೋಗ್ಯಕ್ಕೆ ಒಳ್ಳೇದು" ಎಂದೆ.

"ಮಲ್ಟಿಯಲ್ಲಿ ಫಸ್ಟ್ ಗ್ರೇನ್ ಕೌನ್ಸಾ, ಪಪ್ಪಾ?"

ಗೋಧಿ. ಎರಡನೆಯದರಲ್ಲಿ ಜೋಳದ ಜೊತೆಗೆ ಮೈದಾ. ಮೂರನೆಯದರಲ್ಲಿ ಜೋಳ, ಎಣ್ಣೆ, ಉಪ್ಪು ಬಿಟ್ಟರೆ ಏನಿಲ್ಲ. ನಾನು ಗೆದ್ದವನಂತೆ ಬುಟ್ಟಿಗೆ ಹಾಕಿದೆ. ಸಾನ್ವಿ ಹೊರಗೆ ತೆಗೆದು, ಡಬ್ಬದ ಮಡಿಕೆಯ ಕೆಳಗೆ ಬೆರಳಿಟ್ಟಳು. ಗೋಧಿಯನ್ನೂ ಬಳಸುವ ಕಾರ್ಖಾನೆಯಲ್ಲಿ ತಯಾರಾದದ್ದು ಎಂದು ಅಲ್ಲಿ ಎಳ್ಳಿನಷ್ಟು ಅಕ್ಷರದಲ್ಲಿತ್ತು. ನಾಲ್ಕನೆಯದರಲ್ಲಿ ಆ ಮಾತೂ ಇರಲಿಲ್ಲ. ಅಲ್ಲೇ ನಿಂತಿದ್ದ ಅಂಗಡಿಯವರು, "ಬೇಟಾ, ಮಕ್ಕಾ ಹೈ, ಬಿಂದಾಸ್ ಖಾಓ" ಎಂದು ಧೈರ್ಯವಾಗಿ ತಿನ್ನಲು ಹೇಳಿದರು. ನಾನೂ, "ಬರೆದಿಲ್ಲವಲ್ಲ ಮಗಾ, ಅಂದ್ರೆ ಇಲ್ಲ ಅಂತ" ಎಂದೆ.

"ಬರ್ದಿಲ್ಲ ಅಂದ್ರೆ ಇಲ್ಲ ಅಂತ ಅಲ್ಲ ಪಪ್ಪಾ. ಗೊತ್ತಿಲ್ಲ ಅಂತ."

ಅಷ್ಟು ಹೇಳಿ, ನನ್ನ ಫೋನು ಇಸಿದುಕೊಂಡು ಡಬ್ಬದ ಮೇಲಿದ್ದ ನಂಬರಿಗೆ ಅಲ್ಲಿಂದಲೇ ಫೋನು ಮಾಡಿದಳು. ಗೋಧಿಗೆ ಬೇರೆ ಮಷೀನು ಇದೆಯೋ, ಒಂದೇ ಮಷೀನೋ ಎಂದು ಹಿಂದಿಯಲ್ಲಿ ಕೇಳಿದಳು. ಆ ಕಡೆಯ ಹೆಂಗಸು ಇನ್ಯಾರನ್ನೋ ವಿಚಾರಿಸಿ ಬರುವವರೆಗೂ ಅಲುಗದೆ ನಿಂತಿದ್ದಳು. ಮಷೀನು ಒಂದೇ ಎಂದು ಉತ್ತರ ಬಂತು. "ಥ್ಯಾಂಕ್ಯೂ ಆಂಟಿ, ಸಚ್ ಬೋಲನೇ ಕೇ ಲಿಯೇ" ಎಂದು ನಿಜ ಹೇಳಿದ್ದಕ್ಕೆ ಉಪಕಾರ ಹೇಳಿ, ಡಬ್ಬವನ್ನು ಅದರ ಜಾಗದಲ್ಲಿಟ್ಟಳು. ಹೋಟೆಲಿಗೆ ಬರುವ ಸರಕಿನ ಬಗ್ಗೆ ಹೀಗೆ ಕೇಳುವ ಧೈರ್ಯ ನನಗೆ ಮೂವತ್ತು ವರ್ಷದಲ್ಲಿ ಬಂದಿರಲಿಲ್ಲ. ಅಂಗಡಿಯವರೂ ಬಿಂದಾಸ್ ಎನ್ನುವುದನ್ನು ಬಿಟ್ಟು, ಏಣಿ ತಂದು ಮೇಲಿನ ಅಟ್ಟಣೆಯಿಂದ ಐದನೆಯ ಬಗೆಯನ್ನು ಇಳಿಸಿಕೊಟ್ಟರು. ಗೋಧಿಯ ತೆನೆಗೆ ಅಡ್ಡಗೆರೆ ಎಳೆದ ಗುರುತು, ಗ್ಲುಟನ್ ಇಲ್ಲವೆಂಬ ಬರಹ ಎರಡೂ ಅದರ ಮೇಲಿದ್ದವು. ಅವಳು ಸೀಲು, ತಾರೀಕು ಎಲ್ಲ ನೋಡಿ, "ಯೇ ಚಲೇಗಾ, ಇದಾಗ್ತದೆ" ಎಂದು ಡಬ್ಬಗಳನ್ನು ಬುಟ್ಟಿಗೆ ತುಂಬಿದಾಗ ನಾವಿಬ್ಬರು ಗಂಡಸರೂ ಒಟ್ಟಿಗೆ ಉಸಿರು ಬಿಟ್ಟೆವು.

ಹುಟ್ಟುಹಬ್ಬದ ದಿನ ಅಡುಗೆ ನನ್ನದೇ ಎಂದು ಹಟಹಿಡಿದೆ. ರಾಜಮಾ ಬೇಯಿಸಿದೆ, ಈರುಳ್ಳಿ, ಸೌತೆ, ಟೊಮೆಟೊ ಹೆಚ್ಚಿದೆ. ಎಲ್ಲಕ್ಕೂ ಹೊಸ ಚಾಕು, ಹೊಸ ಮಣೆ. ಗೆಳತಿಯರು ಬಂದು ಗದ್ದಲ ಶುರುವಾದಾಗ ಟಾಕೋಗಳನ್ನು ಬೆಚ್ಚಗೆ ಮಾಡಿ ಕೊಡೋಣವೆಂದು ಡಬ್ಬಗಳನ್ನು ಒಡೆದು, ತವಾದ ಮೇಲೆ ಒಂದೊಂದನ್ನೇ ಹೊರಳಿಸಿ ತಟ್ಟೆಯಲ್ಲಿ ಜೋಡಿಸುತ್ತಾ ಹೋದೆ. ಕೊನೆಯದು ಆಗುವಾಗ ಸಾನ್ವಿ ಬಾಗಿಲಲ್ಲಿ ನಿಂತಿದ್ದಳು.

"ಪಪ್ಪಾ, ಯೇ ಕೌನ್ಸಾ ತವಾ ಹೈ?"

ತವಾ ನೋಡಿದೆ. ಬೆಳಗ್ಗೆ ನಾನು ಚಪಾತಿ ಬೇಯಿಸಿಕೊಂಡ ತವಾ. ಅಂಚಿನಲ್ಲಿ ಕರಟಿದ ಗೋಧಿ ಹುಡಿ ಇನ್ನೂ ಇತ್ತು. ಶೈಲಾ "ಅಯ್ಯೋ ದೇವರೇ" ಎಂದು ಹಣೆಗೆ ಕೈಯಿಟ್ಟಳು. ಮತ್ತೆ ಸೀವುಡ್ಸ್‌ಗೆ ಹೋಗಿ ಬರಲು ಎಷ್ಟು ಹೊತ್ತು ಬೇಕು ಎಂದು ನಾನು ಗಡಿಯಾರ ನೋಡಿದೆ. ಇನ್ನೊಂದು ವರ್ಷವೂ ಈ ಮಗು ಮೂಲೆಯಲ್ಲಿ ಡಬ್ಬಿ ತೆರೆಯುವ ಹಾಗಾಯಿತಲ್ಲ, ಅದೂ ಅಪ್ಪನಿಂದ, ತನ್ನದೇ ಮನೆಯಲ್ಲಿ!

ಸಾನ್ವಿ ತಟ್ಟೆಯಲ್ಲಿದ್ದ ಟಾಕೋಗಳನ್ನು ಎಣಿಸಿದಳು. ಆಮೇಲೆ, "ಚಲೇಗಾ. ಇದು ಅವ್ರಿಗೆ ಕೊಡು" ಎಂದು ತನ್ನ ಕೋಣೆಗೆ ಹೋಗಿ, ಪುಸ್ತಕದ ಕಪಾಟಿನ ಹಿಂದೆ ಮೊದಲೇ ಬಚ್ಚಿಟ್ಟಿದ್ದ, ಒಡೆಯದ ಒಂದು ಟಾಕೋ ಡಬ್ಬ ತಂದಳು. ತನ್ನ ತಟ್ಟೆಯಲ್ಲಿ ತಾನೇ ಮೊದಲು ಪಲ್ಯ ತುಂಬಿಸಿಕೊಂಡು ಹೋಗಿ ಗೆಳತಿಯರ ನಡುವೆ ಕೂತಳು. ಏಳು ಹುಡುಗಿಯರು ಒಂದೇ ಸಾಲಿನಲ್ಲಿ ಕರಕರ ಕಚ್ಚುವ ಸದ್ದು ಕೇಳಿ ಶೈಲಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಈರುಳ್ಳಿ ಎಂದಳು. ಈರುಳ್ಳಿ ಹೆಚ್ಚಿದ್ದು ನಾನು.

ಎಲ್ಲರೂ ಹೋದಮೇಲೆ ಕಸ ಎತ್ತುವಾಗ ಆ ಖಾಲಿ ಡಬ್ಬ ಕೈಗೆ ಸಿಕ್ಕಿತು. ಮೇಲೆ ಶಾಲೆಯ ನೋಟುಬುಕ್ಕಿಗೆ ಅಂಟಿಸುವ ಚೀಟಿ, ಅದರಲ್ಲಿ ಮರಾಠಿಯಲ್ಲಿ ದಪ್ಪಕ್ಷರ: "ಪಪ್ಪಾಂನೀ ಹಾತ್ ಲಾವೂ ನಯೇ." ಪಪ್ಪ ಕೈ ಹಚ್ಚಬಾರದು ಎಂದು. ನನಗೆ ಸ್ವಲ್ಪ ಬೇಜಾರಾಯಿತು. ಎಷ್ಟೆಂದರೂ ನಾನು ಹೋಟೆಲಿನವನು, ಸೋಪು ಹಾಕಿ ಕೈ ತೊಳೆಯದೆ ಅಡುಗೆ ಸಾಮಾನು ಮುಟ್ಟಿದವನಲ್ಲ ಎಂದುಕೊಳ್ಳುತ್ತಾ ಕನ್ನಡಕ ಏರಿಸಿದೆ. ಚೀಟಿಯ ಕೆಳಗೆ ಎಳ್ಳಿನಷ್ಟು ಅಕ್ಷರದಲ್ಲಿ ಇನ್ನೊಂದು ಸಾಲಿತ್ತು.

ಕೈ ತೊಳೆದುಕೊಂಡಿದ್ದರೂ.