ಉಯ್ಯಾಲೆಯ ಜಾಗ ಮತ್ತು ನನ್ನ ಎಂಬಿಎ

ಯಾರಾದರೂ ಸಲಹೆ ಕೇಳಿದರೆ ನನಗೆ ಎಲ್ಲಿಲ್ಲದ ಉತ್ಸಾಹ ಬರುತ್ತದೆ. ಅಂಚೆ ಶಿಕ್ಷಣದಲ್ಲಿ ಪಡೆದ ಎಂಬಿಎ ಪದವಿಪತ್ರಕ್ಕೆ ಗಾಜಿನ ಕಟ್ಟು ಹಾಕಿಸಿ, ವಿಮಾ ಕಚೇರಿಯವರು ಯಾವ ಊರಿಗೆ ವರ್ಗ ಮಾಡಿದರೂ ಗ್ಯಾಸ್ ಸಿಲಿಂಡರಿಗಿಂತ ಮೊದಲು ಅದನ್ನು ಲಾರಿಯಿಂದ ಇಳಿಸಿಕೊಂಡವನು ನಾನು. ಅದರಿಂದ ಏನು ಉಪಯೋಗವಾಯಿತೆಂದು ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ. ಹೀಗಿರುವಾಗ ಹೆಂಡತಿ ವತ್ಸಲಾ ರಿಯಲ್ ಎಸ್ಟೇಟ್ ವಿಷಯದಲ್ಲಿ ಸ್ನಾತಕೋತ್ತರ ಪದವಿ ಮಾಡಲೇ ಎಂದು ಕೇಳಿದಳು. ಬೇಡವೆಂದುಬಿಟ್ಟೆ.

ಕಾರಣವಿತ್ತು. ವರ್ಗವಾದ ಊರಿನಲ್ಲೆಲ್ಲ ಬಾಡಿಗೆ ಮನೆ ಹುಡುಕಿದವಳು ಅವಳೇ. ನಾನು ಕಚೇರಿಯಲ್ಲಿ ಫ್ಯಾನಿನ ಕೆಳಗಿನ ಕುರ್ಚಿ ಹಿಡಿಯುವಷ್ಟರಲ್ಲಿ ಅವಳಿಗೆ ನಲ್ಲಿ ನೀರಿನ ಹೊತ್ತು, ಮಾಲೀಕರ ಮೂಗಿನ ತುದಿಯ ಸಿಟ್ಟು ಎಲ್ಲ ಗೊತ್ತಾಗಿರುತ್ತಿತ್ತು. ಗುಜರಾತಿನ ವಡೋದರಾಕ್ಕೆ ಬಂದ ಮೇಲೆ ಅದೇ ವಿದ್ಯೆ ನೆಚ್ಚಿ ಮಕರಪುರದ ಕಡೆ ಫ್ಲ್ಯಾಟ್ ಮಾರುವ ಏಜೆಂಟಾದಳು. ಚೆನ್ನಾಗಿಯೇ ಮಾರುತ್ತಿದ್ದವಳಿಗೆ ಈ ವಯಸ್ಸಿನಲ್ಲಿ ಸಂಜೆ ಕಾಲೇಜು ಯಾಕೆ ಎಂಬುದು ನನ್ನ ವಾದ. ಸಂಜೆಯ ರೊಟ್ಟಿ ಬಡಿಯುವವರು ಯಾರು ಎಂಬುದು ವಾದದ ಒಳಗಿನ ವಾದ. ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಅರ್ಜಿಗೆ ಸೋಮವಾರ ಕೊನೆಯ ದಿನ. ಭಾನುವಾರ ಅವಳ ಕೆಲಸ ಕಣ್ಣಾರೆ ನೋಡಿ ತೀರ್ಪು ಕೊಡುತ್ತೇನೆಂದು ಜೊತೆಗೆ ಹೊರಟೆ.

ಫ್ಲ್ಯಾಟ್ ನೋಡಲು ಒಬ್ಬ ಅಜ್ಜಿ, ಮಗ, ಸೊಸೆ ಬಂದಿದ್ದರು. ನಾನು ನನ್ನ ಹಿಂದಿಯಲ್ಲಿ ಬಡ್ಡಿದರ, ಹೂಡಿಕೆ, ಮಾರುಕಟ್ಟೆಯ ಏರಿಳಿತ ಎಂದು ಶುರುಹಚ್ಚಿಕೊಂಡೆ. ಮಗ ಮೊಬೈಲು ತೆಗೆದ. ಅಜ್ಜಿ ಹೊಸ್ತಿಲು ದಾಟಿರಲೇ ಇಲ್ಲ. ವತ್ಸಲಾ ಕಾವಲುಗಾರನ ಪ್ಲಾಸ್ಟಿಕ್ ಕುರ್ಚಿ ತಂದು, ಬಾಲ್ಕನಿಯ ಸೂರಿನಲ್ಲಿದ್ದ ಉಯ್ಯಾಲೆಯ ಕೊಂಡಿಗಳ ಕೆಳಗೆ ಸರಿಯಾಗಿ ಇಟ್ಟು, ಗುಜರಾತಿಯಲ್ಲಿ ಅಮ್ಮನಿಗೆ ಹೇಳುವ 'ಬಾ' ಎಂಬ ಮಾತಿನಿಂದಲೇ ಕರೆದು ಅಜ್ಜಿಯನ್ನು ಕೂರಿಸಿದಳು. ಇಲ್ಲಿಯವರಿಗೆ ಮನೆಯೆಂದರೆ ಮೊದಲು ಉಯ್ಯಾಲೆಯ ಜಾಗ. ಸಂಜೆಯ ಚಹಾ, ನೆಂಟರ ಸುದ್ದಿ ಎಲ್ಲ ಅದರ ಮೇಲೆಯೇ. ಅಜ್ಜಿ ಕುರ್ಚಿಯಲ್ಲಿ ಕೂತು, ತೂಗಿಯೇ ಬಿಡುತ್ತದೇನೋ ಎಂಬಂತೆ ಕಾಲಿನಿಂದ ಮೆಲ್ಲಗೆ ನೆಲ ಒತ್ತಿದರು. ಸೊಸೆ ನಕ್ಕಳು. ನನ್ನ ಮಾರುಕಟ್ಟೆ ಅಲ್ಲಿಗೆ ಮುಚ್ಚಿತು.

ಅಷ್ಟರಲ್ಲಿ ಮಗ, ಈ ಜಾಗ ಮೊದಲು ಹೊಲವಾಗಿತ್ತಲ್ಲ, ಕಾಗದಪತ್ರ ಸರಿಯಾಗಿದೆಯೇ ಎಂದು ಕೇಳಿದ. ನನಗೆ ತಿಳಿಯದಿದ್ದರೂ ಉತ್ತರ ಕೊಡಲು ಬಾಯಿ ತೆರೆದೆ. ಅವಳು ನನಗಿಂತ ಮೊದಲೇ, ತನಗೆ ಗೊತ್ತಿಲ್ಲವೆಂದೂ ವಕೀಲರನ್ನು ಕೇಳಿ ಹೇಳುವವರೆಗೆ ಮುಂದುವರಿಯಬೇಡಿರೆಂದೂ ಹೇಳಿದಳು. ವ್ಯಾಪಾರ ಕೈತಪ್ಪಿತೆಂದು ನಾನು ಗೋಡೆಯ ಕಡೆ ತಿರುಗಿದೆ.

ರಿಕ್ಷಾದಲ್ಲಿ ತೀರ್ಪು ಕೊಟ್ಟೆ: ಉಯ್ಯಾಲೆಯ ಮರ್ಮ ಬಲ್ಲವಳಿಗೆ ಪದವಿ ಬೇಡ. ಅವಳು ಸಿಟ್ಟಾಗಲಿಲ್ಲ.

"ಉಯ್ಯಾಲಿ ನನಗ ಗೊತ್ತಿತ್ತು, ಖರೆ. ಹೊಲದ ಕಾಗದ ಗೊತ್ತಿರಲಿಲ್ಲ. ಆ ಅಜ್ಜಿ ನನ್ನ ಮಾರಿ ನೋಡಿ ಮನಿ ತಗೋತಾಳ್ರಿ. ಅದಕ್ಕ ಓದಬೇಕು."

ಇಷ್ಟು ವರ್ಷದಲ್ಲಿ ಹೆಂಡತಿಯ ಬಗ್ಗೆ ಅಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ. ಪದವಿ ತನ್ನ ಹೆಸರಿನ ಮುಂದೆ ಕೂರಲಿ ಎಂದಲ್ಲ, ಇನ್ನೊಬ್ಬರು ಮೋಸಹೋಗಬಾರದು ಎಂದು ಓದುವವರೂ ಇದ್ದಾರೆಂದು ನನಗೆ ಹೊಳೆದಿರಲೇ ಇಲ್ಲ. ಸೋಮವಾರ ನಾನೇ ಅರ್ಜಿ ಕೊಟ್ಟು ಬಂದೆ. ಈಗ ರೊಟ್ಟಿ ಬಡಿಯುವವನೂ ನಾನೇ. ಅವು ಯಾವ ಆಕಾರದಲ್ಲಿ ಬರುತ್ತವೆಂದು ವಿವರಿಸುವುದಿಲ್ಲ.

ವಕೀಲರು ಕಾಗದಪತ್ರ ಸರಿಯಾಗಿದೆಯೆಂದರು, ಆ ಮನೆಯವರು ಫ್ಲ್ಯಾಟ್ ಕೊಂಡರು. ಗೃಹಪ್ರವೇಶಕ್ಕೆ ನಮ್ಮಿಬ್ಬರನ್ನೂ ಕರೆದಿದ್ದರು. ಅಜ್ಜಿ ಹೊಸ ಉಯ್ಯಾಲೆಯ ಮೇಲೆ ವತ್ಸಲಾಳನ್ನು ಪಕ್ಕದಲ್ಲೇ ಕೂರಿಸಿಕೊಂಡರು. ನನಗೆ ಕಾವಲುಗಾರನ ಅದೇ ಪ್ಲಾಸ್ಟಿಕ್ ಕುರ್ಚಿ ತರಿಸಿಕೊಟ್ಟರು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ನಾನೂ ಕಾಲಿನಿಂದ ಮೆಲ್ಲಗೆ ನೆಲ ಒತ್ತಿದೆ. ಕುರ್ಚಿ ಕದಲಲಿಲ್ಲ.